ಇಬ್ಬರು ಮಕ್ಕಳು, ಒಂದು ಆಟ

ತರಕಾರಿ ಕೊಳ್ಳುವವರು ಬದನೆಕಾಯಿಯ ತೊಟ್ಟು ನೋಡುತ್ತಾರೆ; ಸೀರೆ ಕೊಳ್ಳುವವರು ಸೆರಗನ್ನು ಬೆಳಕಿಗೆ ಹಿಡಿಯುತ್ತಾರೆ; ಹಸು ಕೊಳ್ಳುವವರು ಸುಳಿ ನೋಡಿ, ಹಲ್ಲೆಣಿಸಿ, ಒಂದು ಹೊತ್ತು ಕರೆದು ನೋಡಿದ ಮೇಲೆಯೇ ಹಗ್ಗ ಹಿಡಿಯುತ್ತಾರೆ. ಆದರೆ ಅಂಚೆಚೀಟಿಯಷ್ಟಗಲದ ಒಂದು ಪ್ಲಾಸ್ಟಿಕ್ ಕಾರ್ಡನ್ನು ಅಂಗೈಮೇಲಿಟ್ಟುಕೊಂಡು, ಇದರೊಳಗಿರುವ ಆಟ ಕೊಟ್ಟ ಹಣಕ್ಕೆ ತಕ್ಕುದೋ ಅಲ್ಲವೋ ಎಂದು ನಿರ್ಣಯಿಸಬೇಕಾಗಿ ಬಂದರೆ ಏನನ್ನು ನೋಡಬೇಕು? ಈ ಧರ್ಮಸಂಕಟ ಕಳೆದ ಬೇಸಗೆಯಲ್ಲಿ ನನಗೆ ಒದಗಿತು.

ಇಂಗ್ಲೆಂಡಿನಲ್ಲಿ ನೆಲಸಿರುವ ನನ್ನ ಅಕ್ಕನ ಮನೆಗೆ ಆಗ ಹೋಗಿದ್ದೆ. ಅಕ್ಕನಿಗೆ ಇಬ್ಬರು ಮಕ್ಕಳು: ಹುಡುಗನಿಗೆ ೧೨ ವರ್ಷ, ಹುಡುಗಿಗೆ ೯. ಮೇಜಿನ ಅರೆಯನ್ನು ತೆರವು ಮಾಡುವಾಗ ಭಾವನವರ ವಿದ್ಯಾರ್ಥಿದೆಸೆಯ ಒಂದು ಹಳೆಯ ಆಟದ ಯಂತ್ರ ಮಕ್ಕಳ ಕೈಗೆ ಸಿಕ್ಕಿತ್ತು. ಹೊಸ ಬ್ಯಾಟರಿ ಹಾಕಿಸಿದೊಡನೆ ಅದು ನಿದ್ದೆಯಿಂದೆದ್ದ ಹಾಗೆ ಕಣ್ಣು ಬಿಟ್ಟಿತು. ಯಂತ್ರವೇನೋ ಇದೆ, ಆಟವಿಲ್ಲ! ಪೇಟೆಬೀದಿಯ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ 'ಡ್ರ್ಯಾಗನ್ ಕ್ವೆಸ್ಟ್ ೯' ಎಂಬ ಆಟವನ್ನು ಮಕ್ಕಳು ಗೊತ್ತುಮಾಡಿಕೊಂಡು ಬಂದರು. ಬೆಲೆ ೨೦ ಪೌಂಡು. ಇಬ್ಬರೂ ಕೂಡಿಟ್ಟ ತಗಡಿನ ಡಬ್ಬಿಯನ್ನು ಮಗುಚಿದಾಗ ೧೪ ಪೌಂಡು ಬಿತ್ತು. ಅದರಲ್ಲಿ ಸರಿಯಾಗಿ ಅರ್ಧ ಹುಡುಗಿಯದು. ಉಳಿದ ಆರು ಪೌಂಡನ್ನು ಸೋದರಮಾವನಾದ ನಾನು ಕೊಡತಕ್ಕದ್ದೆಂದು ಅವರಿಬ್ಬರೂ ಮೊದಲೇ ಗೊತ್ತುಪಡಿಸಿದ್ದರು.

"ಮಾವ, ಕೊಡಿಸುತ್ತೀರಾ?" ಎಂದಳು ಹುಡುಗಿ.

"ನೀನೇ ತೀರ್ಮಾನಿಸಪ್ಪ. ನಾನು ಬೇಡವೆಂದರೆ ಕೆಟ್ಟವಳಾಗುತ್ತೇನೆ" ಎಂದು ಅಕ್ಕ ಜಾರಿಕೊಂಡಳು.

ಅಂಗಡಿಗೆ ಹೋದೆವು. ಕಾರ್ಡನ್ನು ಪೆಟ್ಟಿಗೆಯಿಂದ ತೆಗೆದು ತೋರಿಸಿದ ಅಂಗಡಿಯಾತ ಪ್ರಾಮಾಣಿಕ ಮನುಷ್ಯ. ಇಬ್ಬರು ಮಕ್ಕಳನ್ನೂ ನೋಡಿ, "ಒಳ್ಳೆಯ ಆಟ, ಆದರೆ ಒಬ್ಬರಿಗೆ ಮಾತ್ರ" ಎಂದ. ಆ ಮಾತಿನ ಅರ್ಥ ಆಗ ನನಗಾಗಲಿಲ್ಲ. ಒಂದು ವಾರದ ವಾಯಿದೆ ಕೇಳಿ ಮನೆಗೆ ಬಂದೆ. ಆ ವಾರ ನಾನು ವಿಚಾರಿಸಿ ತಿಳಿದುದನ್ನೂ ಆಮೇಲೆ ನಡೆದುದನ್ನೂ ವಾಚಕರ ಮುಂದಿಡುತ್ತಿದ್ದೇನೆ. ಇಂತಹುದೇ ಬೇಡಿಕೆ ಇಂದಲ್ಲ ನಾಳೆ ತಮ್ಮ ಮನೆಯಲ್ಲೂ ಏಳದೆ ಇರದು.

ಆಟದ ವಂಶಾವಳಿ

ಮೊದಲು ಯಂತ್ರದ ಮಾತು. ಇದು ಜಪಾನಿನ ಕ್ಯೋಟೋ ನಗರದ ನಿಂಟೆಂಡೊ ಸಂಸ್ಥೆಯದು. ೧೮೮೯ರಲ್ಲಿ ಹೂವಿನ ಚಿತ್ರಗಳ ಇಸ್ಪೀಟೆಲೆಗಳನ್ನು ಮಾಡುತ್ತ ಹುಟ್ಟಿದ ಈ ಸಂಸ್ಥೆ ೨೦೦೪ರಲ್ಲಿ 'ಡಿ.ಎಸ್.' ಎಂಬ ಅಂಗೈ ಯಂತ್ರವನ್ನು ಹೊರತಂದಿತು. ಪುಸ್ತಕದಂತೆ ಮಡಚಿ ತೆರೆಯುವ ಈ ಯಂತ್ರಕ್ಕೆ ಎರಡು ಪರದೆಗಳು. ಕೆಳಗಿನದನ್ನು ಕಡ್ಡಿಯಿಂದ ಮುಟ್ಟಿಯೂ ಆಡಬಹುದು. ಅದರ ಹಲವು ರೂಪಗಳೆಲ್ಲ ಸೇರಿ ಲೋಕದಲ್ಲಿ ೧೫ ಕೋಟಿಗೂ ಮಿಕ್ಕು ಮಾರಾಟವಾದುವು.

ಇನ್ನು ಆಟ. 'ಡ್ರ್ಯಾಗನ್ ಕ್ವೆಸ್ಟ್' ಎಂಬ ಮಾಲೆ ಹುಟ್ಟಿದ್ದು ೧೯೮೬ರ ಮೇ ೨೭ರಂದು. ಅವಾಜಿ ದ್ವೀಪದಲ್ಲಿ ಹುಟ್ಟಿದ ಯೂಜಿ ಹೊರೀ ಎಂಬವರು ಅದರ ಕಲ್ಪಕರು. ಚಿತ್ರಗಳನ್ನು ಬರೆದವರು ಅಕಿರ ತೊರಿಯಾಮ. ಜಪಾನಿನ ಮಕ್ಕಳ ವಾರಪತ್ರಿಕೆಯೊಂದರಲ್ಲಿ ೧೯೮೪ರಿಂದ ೧೯೯೫ರವರೆಗೆ ಧಾರಾವಾಹಿಯಾಗಿ ಬಂದ 'ಡ್ರ್ಯಾಗನ್ ಬಾಲ್' ಚಿತ್ರಕಥೆಯಿಂದ ಲೋಕವಿಖ್ಯಾತರಾದವರು. ಸಂಗೀತ ಕೊಯಿಚಿ ಸುಗಿಯಾಮ ಅವರದು. ಸುಗಿಯಾಮ ೨೦೨೧ರಲ್ಲಿಯೂ ತೊರಿಯಾಮ ೨೦೨೪ರಲ್ಲಿಯೂ ತೀರಿಕೊಂಡರು.

ಇವರು ಕಟ್ಟಿದ್ದು ಪಾತ್ರ ವಹಿಸಿ ಆಡುವ ಆಟ. ಇದರಲ್ಲಿ ಚೆಂಡಿಲ್ಲ, ಓಟವಿಲ್ಲ, ಬೆರಳಿನ ಚುರುಕು ಬೇಕಾಗಿಲ್ಲ. ಆಡುವವನು ಕಥೆಯೊಳಗಿನ ಒಬ್ಬ ವೀರನಾಗಿ ಊರೂರು ಅಲೆಯುತ್ತಾನೆ, ಜನರೊಡನೆ ಮಾತಾಡುತ್ತಾನೆ, ಕತ್ತಿ, ಗುರಾಣಿ, ಮದ್ದಿನ ಸೊಪ್ಪು ಕೊಳ್ಳುತ್ತಾನೆ, ರಾಕ್ಷಸರು ಎದುರಾದರೆ ಹೊಡೆಯಬೇಕೋ, ಮಂತ್ರ ಹಾಕಬೇಕೋ, ಓಡಬೇಕೋ ಎಂದು ಪಟ್ಟಿಯಿಂದ ಆರಿಸುತ್ತಾನೆ. ಆಮೇಲೆ ಎದುರಾಳಿಯ ಸರದಿ. ಚದುರಂಗದಂತೆ ನಾವು ಎಷ್ಟು ಹೊತ್ತು ಯೋಚಿಸಿದರೂ ಆಟ ಕಾದಿರುತ್ತದೆ. ಗೆದ್ದಷ್ಟೂ ವೀರನ ಅನುಭವ ಹೆಚ್ಚುತ್ತದೆ, ಬಲ ಬೆಳೆಯುತ್ತದೆ.

ಸುಲಭವಾಗಿ ತೋರುವ ಈ ಆಟ ಜಪಾನೀಯರನ್ನು ಹಿಡಿದ ಬಗೆ ಆಶ್ಚರ್ಯಕರ. ೧೯೮೮ರ ಫೆಬ್ರವರಿ ೧೦ರಂದು ಮೂರನೆಯ ಆಟ ಮಾರಾಟಕ್ಕೆ ಬಂದಿತು. ಅಂದು ಬುಧವಾರ. ಶಾಲೆಯಲ್ಲಿರಬೇಕಾದ ಹುಡುಗರು ಅಂಗಡಿಗಳ ಮುಂದೆ ಸಾಲು ನಿಂತರು. ಪೊಲೀಸರು ಬಂದು ಅವರನ್ನು ಎಬ್ಬಿಸಬೇಕಾಯಿತು. ನಾಲ್ಕನೆಯ ಆಟ ೧೯೯೦ರ ಫೆಬ್ರವರಿ ೧೧ರಂದು ಹೊರಬಂದಾಗ ಭಾನುವಾರವಾಗಿತ್ತು.

ದಾರಿಹೋಕರು ಹಂಚಿಕೊಂಡ ನಕ್ಷೆ

ಒಂಬತ್ತನೆಯ ಆಟ ಅಂಗೈ ಯಂತ್ರಕ್ಕೆಂದು ೨೦೦೬ರ ಡಿಸೆಂಬರಿನಲ್ಲಿ ಸಾರಲ್ಪಟ್ಟಾಗ ಹಳೆಯ ಅಭಿಮಾನಿಗಳು ಹುಬ್ಬುಗಂಟಿಕ್ಕಿದರು. ದೊಡ್ಡ ಪರದೆಯ ವೈಭವವನ್ನು ಅಂಗೈಯಗಲಕ್ಕೆ ಇಳಿಸುವುದೇ? ಅದೂ ಅಲ್ಲದೆ ಮೊದಲು ತೋರಿಸಿದ ಮಾದರಿಯಲ್ಲಿ ಸರದಿಯ ಕಾಳಗವಿರದೆ ಕೂಡಲೇ ಕತ್ತಿ ಬೀಸುವ ಕಾಳಗವಿತ್ತು. ಜನರು ಒಪ್ಪಲಿಲ್ಲ. ನಿರ್ಮಾಪಕರು ಸರದಿಯ ಕ್ರಮಕ್ಕೇ ಮರಳಿದರು. ೨೦೦೯ರ ಮಾರ್ಚಿಗೆ ಬರಬೇಕಾಗಿದ್ದ ಆಟ, ದೋಷಗಳನ್ನು ತಿದ್ದುವ ಸಲುವಾಗಿ ತಡವಾಗಿ, ಜುಲೈ ೧೧ರಂದು ಹೊರಬಿತ್ತು. ಜಪಾನೊಂದರಲ್ಲಿಯೇ ೪೦ ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದುವು. ಇಂಗ್ಲಿಷ್ ಆವೃತ್ತಿ ಮರುವರ್ಷ ಬಂದಿತು.

ಅಂಗೈ ಯಂತ್ರವನ್ನು ಏಕೆ ಆರಿಸಿದರೆಂಬುದು ಆಟ ಬಂದ ಮೇಲೆ ಎಲ್ಲರಿಗೂ ತಿಳಿಯಿತು. ಆಟಗಾರನೊಬ್ಬ ಯಂತ್ರವನ್ನು ಕಾಯುವ ಸ್ಥಿತಿಯಲ್ಲಿಟ್ಟು ಜೇಬಿನಲ್ಲಿ ಹಾಕಿಕೊಂಡು ನಡೆದರೆ ಸಾಕು. ಅದೇ ಆಟವುಳ್ಳ ಇನ್ನೊಬ್ಬ ಹತ್ತಿರ ಹಾದುಹೋದಾಗ ಎರಡು ಯಂತ್ರಗಳೂ ತಾವೇ ಮಾತಾಡಿಕೊಳ್ಳುತ್ತಿದ್ದುವು. ಒಬ್ಬನ ವೀರ ಇನ್ನೊಬ್ಬನ ಆಟದೊಳಗಿನ ಛತ್ರಕ್ಕೆ ಅತಿಥಿಯಾಗಿ ಬರುತ್ತಿದ್ದ. ಬರುವಾಗ ಗುಹೆಯ ನಕ್ಷೆಯೊಂದನ್ನು ಉಡುಗೊರೆಯಾಗಿ ತರುತ್ತಿದ್ದ. ಇಂತಹ ನಕ್ಷೆಗಳಲ್ಲಿ 'ಮಸಯುಕಿಯ ನಕ್ಷೆ' ಎಂಬುದು ಹೆಸರಾಯಿತು. ಅದು ತೋರಿಸುವ ಗುಹೆಯ ೧೫ನೆಯ ನೆಲಮಾಳಿಗೆಯಲ್ಲಿ ಲೋಹದ ದೊರೆಮುದ್ದೆಗಳೆಂಬ ಪ್ರಾಣಿಗಳ ಹೊರತು ಬೇರೆ ಯಾವುವೂ ಸುಳಿಯವು. ಒಂದನ್ನು ಕೊಂದರೂ ಅಪಾರ ಅನುಭವ! ಸಾಮಾನ್ಯ ಆಟಗಾರನೊಬ್ಬನಿಗೆ ದೊರೆತ ಈ ನಕ್ಷೆ ದೇಶವೆಲ್ಲ ಹಬ್ಬಿತು. ತೋಕಿಯೋದ ಅಕಿಹಾಬಾರದಲ್ಲಿ ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಜನ ಜೇಬಿನಲ್ಲಿ ಯಂತ್ರವಿಟ್ಟುಕೊಂಡು ನಕ್ಷೆಗಾಗಿಯೇ ಗುಂಪುಗೂಡುತ್ತಿದ್ದರು.

ಈ ವೃತ್ತಾಂತವನ್ನು ಕೇಳಿದಾಗ ನನಗೂ ಆಸೆಯಾಯಿತು. ಆದರೆ ಕೊಳ್ಳುವವನು ಕಥೆಗೆ ಮರುಳಾಗಬಾರದು. ಅಕಿಹಾಬಾರದ ಆ ಜಾತ್ರೆ ಮುಗಿದುಹೋಗಿದೆ. ಇಂದು ನಮ್ಮ ಮಕ್ಕಳು ಆ ಯಂತ್ರವನ್ನು ಜೇಬಿನಲ್ಲಿಟ್ಟು ಊರೆಲ್ಲ ಸುತ್ತಿದರೂ ಎದುರಿಗೆ ಅದೇ ಆಟದವನೊಬ್ಬ ಸಿಗುವುದು ದುರ್ಲಭ. ಆಟಕ್ಕೆ ಹೊಸ ಹೊಸ ಕೆಲಸಗಳನ್ನು ತಂತಿಯಿಲ್ಲದೆ ತರಿಸಿಕೊಳ್ಳುವ ಏರ್ಪಾಡೊಂದಿತ್ತು. ನಿಂಟೆಂಡೊ ಸಂಸ್ಥೆ ಆ ಸೇವೆಯನ್ನು ೨೦೧೪ರ ಮೇ ತಿಂಗಳಲ್ಲಿ ನಿಲ್ಲಿಸಿತು. ಹಾಗಾದರೆ ಇಂದು ೨೦ ಪೌಂಡು ಕೊಟ್ಟವರಿಗೆ ಉಳಿಯುವುದು ಕಾರ್ಡಿನೊಳಗಿನ ಕಥೆ, ಕಾಳಗ, ಅಲೆದಾಟ ಇಷ್ಟೇ. ಹಳೆಯ ಆಟವನ್ನು ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಅಂದು ಹೊಗಳಿದವರು ಹೊಗಳಿದ್ದು ಇಂದಿಗೂ ಅದರೊಳಗೆ ಇದೆಯೇ?

ಲಾಭನಷ್ಟದ ಲೆಕ್ಕ

ಭಾವನವರು ಈ ಆಟವನ್ನು ಅದು ಬಂದ ವರ್ಷವೇ ಆಡಿ ಮುಗಿಸಿ, ಗೆಳೆಯರಿಗೆ ಕೊಟ್ಟುಬಿಟ್ಟವರು. ರಾತ್ರಿ ಊಟವಾದ ಮೇಲೆ ಅವರನ್ನು ಸಾಕ್ಷಿಯಾಗಿ ವಿಚಾರಿಸಿದೆ.

ಅವರು ಹೇಳಿದ ಗುಣಗಳು ಇವು. ಮುಖ್ಯ ಕಥೆ ಮುಗಿಯಲು ೪೦ರಿಂದ ೫೦ ತಾಸು ಹಿಡಿಯುತ್ತದೆ. ಆಮೇಲೆ ಗುಹೆಗಳನ್ನು ಹುಡುಕುತ್ತ ಹೋದರೆ ನೂರಾರು ತಾಸುಗಳಿಗೂ ಕೊನೆಯಿಲ್ಲ. ವೀರನು ಗಂಡಾಗಿರಬಹುದು, ಹೆಣ್ಣಾಗಿರಬಹುದು. ಮುಖ, ಕೂದಲು, ಮೈಬಣ್ಣ ಎಲ್ಲ ನಮ್ಮ ಇಷ್ಟ. ತೊಡಿಸಿದ ಟೋಪಿ, ಅಂಗಿ, ಪಾದರಕ್ಷೆಗಳು ತೆರೆಯ ಮೇಲೆ ಹಾಗೆಯೇ ಕಾಣುತ್ತವೆ. ಕೂಡ ಮೂವರು ಸಂಗಾತಿಗಳನ್ನು ನಾವೇ ಸೃಷ್ಟಿಸಿ ಕರೆದೊಯ್ಯಬಹುದು. ಯೋಧ, ಪೂಜಾರಿ, ಮಾಂತ್ರಿಕ, ಕಳ್ಳ ಎಂದು ಆರಂಭದಲ್ಲಿ ಆರು ವೃತ್ತಿಗಳು, ಮುಂದೆ ಇನ್ನೂ ಆರು. ರಕ್ತದ ಓಕುಳಿಯಿಲ್ಲ, ಸೋತ ರಾಕ್ಷಸ ಮಾಯವಾಗುತ್ತಾನೆ, ಅಷ್ಟೆ. ಅಮ್ಮ ಊಟಕ್ಕೆ ಕರೆದಾಗ ಮುಚ್ಚಳ ಮಡಚಿದರೆ ಯಂತ್ರ ಇದ್ದಲ್ಲೇ ನಿದ್ದೆ ಹೋಗುತ್ತದೆ, ತೆರೆದಾಗ ಅಲ್ಲಿಂದಲೇ ಮುಂದುವರಿಯುತ್ತದೆ.

ದೋಷಗಳನ್ನೂ ಅವರು ಮುಚ್ಚಿಡಲಿಲ್ಲ. ಮುಂದಿನ ರಾಕ್ಷಸನನ್ನು ಗೆಲ್ಲುವಷ್ಟು ಬಲ ಬರಲು ಒಂದೇ ಬಯಲಿನಲ್ಲಿ ಅದೇ ಕಾಳಗವನ್ನು ಹತ್ತಾರು ಸಲ ಮಾಡಬೇಕು, ಬೇಸರ ಹುಟ್ಟುತ್ತದೆ. ಓದುವುದು ಬಹಳ, ಅದೂ ಚಮತ್ಕಾರದ ಇಂಗ್ಲಿಷು. ಜಪಾನಿನಲ್ಲಿರುವ ಬಂಧುಗಳಿಂದ ತರಿಸುವೆವೆಂದರೆ ಆ ಕಾರ್ಡಿನಲ್ಲಿ ಜಪಾನಿ ಭಾಷೆಯೇ ಇರುತ್ತದೆ. ಅದು ಯಾವ ದೇಶದ ಡಿ.ಎಸ್. ಯಂತ್ರದಲ್ಲಾದರೂ ನಡೆದೀತು, ಆದರೆ ಓದಲು ಬಾರದವನಿಗೆ ಉಪಯೋಗವಿಲ್ಲ.

"ಎಲ್ಲಕ್ಕಿಂತ ದೊಡ್ಡ ದೋಷ ಇನ್ನೊಂದಿದೆ," ಎಂದರು ಭಾವ. "ಇದರಲ್ಲಿ ಸೇವ್ ಮಾಡಲು ಇರುವುದು ಒಂದೇ ಜಾಗ."

ಅಂಗಡಿಯಾತನ ಮಾತು ಆಗ ಅರ್ಥವಾಯಿತು.

ಒಂದೇ ದಾಖಲೆ

ಐವತ್ತು ತಾಸಿನ ಆಟವನ್ನು ಒಂದೇ ಉಸಿರಿಗೆ ಆಡಿ ಮುಗಿಸುವವರುಂಟೇ? ಅಂದಂದಿನ ಪ್ರಯಾಣವನ್ನು ಅಲ್ಲಲ್ಲಿಗೆ ಬರೆದಿಡಬೇಕು. ೧೯೮೬ರ ಮೊದಲ ಆಟದಲ್ಲಿ ಇದಕ್ಕೆ ವಿಚಿತ್ರ ಉಪಾಯವಿತ್ತು: ಆಟ ನಿಲ್ಲಿಸುವಾಗ ಯಂತ್ರ ೨೦ ಅಕ್ಷರಗಳ ಒಂದು 'ಪುನರುಜ್ಜೀವನ ಮಂತ್ರ'ವನ್ನು ತೋರಿಸುವುದು, ಅದನ್ನು ಕಾಗದದಲ್ಲಿ ಬರೆದುಕೊಂಡು ಮರುದಿನ ತುಂಬಬೇಕು. ೧೯೮೭ರ ಎರಡನೆಯ ಆಟದಲ್ಲಿ ಮಂತ್ರ ೫೨ ಅಕ್ಷರಗಳವರೆಗೂ ಬೆಳೆಯಿತು. ಒಂದಕ್ಷರ ತಪ್ಪಿದರೆ ಪ್ರಯಾಣವೆಲ್ಲ ಮಣ್ಣುಪಾಲು! ಆದರೂ ಆ ಮಂತ್ರದಲ್ಲಿ ಒಂದು ಔದಾರ್ಯವಿತ್ತು. ಮನೆಯಲ್ಲಿ ಐದು ಮಕ್ಕಳಿದ್ದರೆ ಐದು ಚೀಟಿ. ಒಬ್ಬರ ಪ್ರಯಾಣ ಇನ್ನೊಬ್ಬರ ಪ್ರಯಾಣಕ್ಕೆ ಅಡ್ಡಬರುತ್ತಿರಲಿಲ್ಲ. ೧೯೮೮ರ ಮೂರನೆಯ ಆಟದೊಳಗೆ ಸಣ್ಣ ಬ್ಯಾಟರಿಯಿಟ್ಟು ಮೂರು ದಾಖಲೆಗಳಿಗೆ ಸ್ಥಳ ಮಾಡಿದರು. ಎರಡು ದಶಕಗಳ ಮೇಲೆ, ಯಂತ್ರಗಳ ನೆನಪಿನ ಶಕ್ತಿ ಎಷ್ಟೋ ಪಟ್ಟು ಬೆಳೆದ ಕಾಲದಲ್ಲಿ, ಒಂಬತ್ತನೆಯ ಆಟ ಒಂದೇ ದಾಖಲೆಗೆ ಇಳಿಯಿತು. ಒಬ್ಬೊಬ್ಬರ ಜೇಬಿನಲ್ಲೂ ಒಂದೊಂದು ಯಂತ್ರ, ಒಂದೊಂದು ಕಾರ್ಡು ಇರುವುದೆಂಬ ಊಹೆಯ ಮೇಲೆ ಕಟ್ಟಿದ ಆಟವಿದು. ದಾರಿಹೋಕರೊಡನೆ ಹಂಚಿಕೊಳ್ಳಲು ಅಷ್ಟೊಂದು ಅನುಕೂಲವಿದ್ದ ಆಟದಲ್ಲಿ ಒಡಹುಟ್ಟಿದವರೊಡನೆ ಹಂಚಿಕೊಳ್ಳಲು ಅನುಕೂಲವಿಲ್ಲ!

ಈಗ ಪ್ರಶ್ನೆ ಬೆಲೆಯದಾಗಿ ಉಳಿಯಲಿಲ್ಲ. ಅಣ್ಣನು ವೀರನಾದರೆ ತಂಗಿಯ ಏಳು ಪೌಂಡಿಗೆ ಸಿಗುವುದೇನು? ಅವನು ಮುಗಿಸುವವರೆಗೆ ಅವಳು ಕಾಯಬೇಕು. ಅವನು ಮುಗಿಸಿದ ಮೇಲೆ ಅವನ ಪ್ರಯಾಣವನ್ನು ಅಳಿಸಿದರೆ ಮಾತ್ರ ಅವಳದು ಆರಂಭ. ಬೇಡವೆಂದುಬಿಡುವುದು ಸುಲಭವಾಗಿತ್ತು. ಆದರೆ ಬೇಡವೆಂದರೆ ಮಕ್ಕಳು ಏನನ್ನು ಆಡುತ್ತಾರೆ? ಅಕ್ಕನ ಕೈಪೆಟ್ಟಿಗೆಯಲ್ಲಿರುವ ಫೋನಿನಲ್ಲಿ 'ಉಚಿತ'ವಾದ ಆಟಗಳನ್ನು. ಈ ಉಚಿತ ಎಂಬ ಮಾತನ್ನು ನಂಬತಕ್ಕದ್ದಲ್ಲ. ೨೦೧೯ರಲ್ಲಿ ಇದೇ ಡ್ರ್ಯಾಗನ್ ಕ್ವೆಸ್ಟಿನ ಹೆಸರಿನಲ್ಲಿ ಜಪಾನಿನಲ್ಲಿ ಬಂದ ಫೋನಿನ ಆಟವನ್ನು ಇಳಿಸಿಕೊಳ್ಳಲು ಕಾಸಿಲ್ಲ. ಒಳ್ಳೆಯ ಕತ್ತಿ ಬೇಕಾದರೆ ಮಾತ್ರ ಲಾಟರಿಯಂತೆ ಅದೃಷ್ಟ ಪರೀಕ್ಷಿಸಬೇಕು, ಬೇಗ ಬೇಕೆನ್ನುವವರು ಅದಕ್ಕೆ ಹಣ ತೆರಬಹುದು. ಹೀಗೆ ಹನಿಹನಿಯಾಗಿ ಹಣ ಹೀರುವ ಆಟಗಳು ಇಂದು ಅನೇಕ. ಅದಕ್ಕೆ ಹೋಲಿಸಿದರೆ ಒಂದು ಸಲ ಬೆಲೆ ತೆಗೆದುಕೊಂಡು, ಆಮೇಲೆ ಒಂದು ಕಾಸೂ ಕೇಳದ ಈ ಹಳೆಯ ಕಾರ್ಡು ಮರ್ಯಾದಸ್ಥ ವ್ಯಾಪಾರಿಯಂತೆ ಕಂಡಿತು.

ವಾರದ ಕೊನೆಗೆ ಮಕ್ಕಳಿಬ್ಬರನ್ನೂ ಕೂಡಿಸಿಕೊಂಡು ಇದ್ದುದನ್ನು ಇದ್ದ ಹಾಗೆ ಹೇಳಿದೆ. "ಆಟದಲ್ಲಿ ಒಬ್ಬನೇ ವೀರ. ನೀವಿಬ್ಬರು. ಇಬ್ಬರೂ ಒಂದೇ ವೀರನಾಗಿ ನಡೆಯುವುದಾದರೆ ಕೊಡಿಸುತ್ತೇನೆ. ಇಲ್ಲವಾದರೆ ನಿಮ್ಮ ನಿಮ್ಮ ಏಳು ಪೌಂಡು ನಿಮ್ಮ ನಿಮ್ಮಲ್ಲೇ ಇರಲಿ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಒಪ್ಪಿದರು. ಒಪ್ಪಂದ ಒಂದು ನೋಟುಪುಸ್ತಕದ ಮೊದಲ ಪುಟದಲ್ಲಿ ಬರೆಯಲ್ಪಟ್ಟಿತು: ದಿನಕ್ಕೆ ಒಂದು ತಾಸು, ಅರ್ಧ ತಾಸು ಒಬ್ಬರ ಕೈಯಲ್ಲಿ ಯಂತ್ರ, ಇನ್ನೊಬ್ಬರು ಸಂಭಾಷಣೆಯನ್ನು ಗಟ್ಟಿಯಾಗಿ ಓದುವುದು, ಅನಂತರ ಅದಲುಬದಲು, ಇಬ್ಬರೂ ಇಲ್ಲದೆ ಸೇವ್ ಮಾಡಕೂಡದು.

ಯಾರದೋ ಇನ್ನೂರು ತಾಸು

ಕಾರ್ಡನ್ನು ತಂದು ಯಂತ್ರಕ್ಕೆ ಸೇರಿಸಿದಾಗ ನಾವು ಎಣಿಸಿರದ ಒಂದು ಸಂಗತಿ ಎದುರಾಯಿತು. ಕಾರ್ಡಿನಲ್ಲಿ ಹಿಂದಿನ ಒಡೆಯನ ದಾಖಲೆ ಹಾಗೆಯೇ ಇತ್ತು. ಯಾರೋ ಒಬ್ಬ ಬಾಲಕನೋ ಬಾಲಕಿಯೋ ಇನ್ನೂರು ತಾಸಿಗೂ ಮಿಕ್ಕು ಅಲೆದು, ವೀರನಿಗೆ ಕೆಂಪು ಕೂದಲಿಟ್ಟು, ಚೆಲುವಾದ ಕವಚ ತೊಡಿಸಿ, ಸಂಗಾತಿಗಳಿಗೆ ಮನೆಮಂದಿಯ ಹೆಸರಿನಂತೆ ತೋರುವ ಹೆಸರುಗಳನ್ನಿಟ್ಟು, ಕಡೆಗೊಮ್ಮೆ ಎಲ್ಲವನ್ನೂ ಮಾರಿಬಿಟ್ಟಿದ್ದರು. ಆ ದಾಖಲೆಯನ್ನು ಅಳಿಸದೆ ನಮ್ಮದನ್ನು ಆರಂಭಿಸುವಂತಿರಲಿಲ್ಲ.

ಹುಡುಗಿ ಬಹಳ ಹೊತ್ತು ಗುಂಡಿ ಒತ್ತಲಿಲ್ಲ. "ಮಾವ, ಅವರು ವಾಪಸು ಕೇಳಿದರೆ?" ಎಂದಳು.

"ಕೇಳುವುದಿಲ್ಲಮ್ಮ, ಅವರೀಗ ದೊಡ್ಡವರಾಗಿರುತ್ತಾರೆ" ಎಂದೆ.

ಅವಳು ಆ ನಾಲ್ಕು ಹೆಸರುಗಳನ್ನೂ ನೋಟುಪುಸ್ತಕದ ಎರಡನೆಯ ಪುಟದಲ್ಲಿ ಬರೆದುಕೊಂಡಳು. ಆಮೇಲೆ ಅಣ್ಣನ ಕೈಗೆ ಯಂತ್ರ ಕೊಟ್ಟು, ಅಳಿಸಲು ಹೇಳಿದಳು.

ಹೊಸ ವೀರ ಹೆಣ್ಣಾದಳು. ಹೆಸರಿಗೆ ಇಬ್ಬರ ಮೊದಲಕ್ಷರಗಳೂ ಕೂಡಿದುವು.

ಕೃತಜ್ಞತೆಯನ್ನು ಕೂಡಿಸುವ ದೂತ

ಕಥೆಯನ್ನು ಸ್ವಲ್ಪದರಲ್ಲಿ ಹೇಳಬೇಕು. ಕೊಟ್ಟ ಹಣ ಸಾರ್ಥಕವಾಗುವುದು ಇಲ್ಲಿಯೇ. ಆಕಾಶದಲ್ಲಿ ರೆಕ್ಕೆಯುಳ್ಳ ದೇವದೂತರ ಒಂದು ಕುಲವಿದೆ. ಭೂಮಿಯ ಒಂದೊಂದು ಊರಿಗೂ ಒಬ್ಬೊಬ್ಬ ದೂತ ಕಾವಲು. ಅವರು ಮಾನವರ ಕಣ್ಣಿಗೆ ಕಾಣರು. ಅವರು ಮಾಡಿದ ಉಪಕಾರಕ್ಕೆ ಜನ ಮನದಲ್ಲಿ ನೆನೆದ ಕೃತಜ್ಞತೆ ಬೆಳಕಿನ ಹನಿಯಾಗುತ್ತದೆ; ಆ ಹನಿಗಳನ್ನು ಕೂಡಿಸಿ ವಿಶ್ವವೃಕ್ಷಕ್ಕೆ ಎರೆಯುವುದೇ ಅವರ ಕಾಯಕ. ಮರ ಫಲ ಬಿಡುವ ಗಳಿಗೆಯಲ್ಲಿ ಅನಾಹುತವಾಗಿ, ನಮ್ಮ ವೀರೆ ರೆಕ್ಕೆಯನ್ನೂ ತಲೆಯ ಪ್ರಭೆಯನ್ನೂ ಕಳೆದುಕೊಂಡು ತಾನು ಕಾಯುತ್ತಿದ್ದ ಜಲಪಾತದ ಹಳ್ಳಿಯಲ್ಲಿಯೇ ಬೀಳುತ್ತಾಳೆ. ಚೆದುರಿದ ಏಳು ಫಲಗಳನ್ನು ಹುಡುಕುವುದು ಮುಂದಿನ ಪ್ರಯಾಣ.

ಎರಡನೆಯ ವಾರದಲ್ಲಿ ನಾವು 'ಕಾಫಿನ್‌ವೆಲ್' ಎಂಬ ಊರಿಗೆ ಬಂದೆವು. ಇಂಗ್ಲಿಷಿನಲ್ಲಿ ಆ ಹೆಸರನ್ನು ಗಟ್ಟಿಯಾಗಿ ಉಚ್ಚರಿಸಿದರೆ 'ಚೆನ್ನಾಗಿ ಕೆಮ್ಮುತ್ತಿರುವುದು' ಎಂಬ ಧ್ವನಿ ಹೊರಡುತ್ತದೆ. ಜೊತೆಗೆ ಶವಪೆಟ್ಟಿಗೆಯ ನೆನಪೂ ಆಗುತ್ತದೆ. ಅಲ್ಲಿನ ಪಂಡಿತನ ಹೆಸರು ಫ್ಲೆಮಿಂಗ್, ಕಫದ ಮೇಲಿನ ಶ್ಲೇಷೆ; ಹೆಂಡತಿ ಕಟಾರೀನ, ನೆಗಡಿಯ ಮೇಲಿನದು. ಹುಡುಗ ಬಿದ್ದು ಬಿದ್ದು ನಕ್ಕ. ಊರಿಗೆ ಸಾಂಕ್ರಾಮಿಕ ಬಡಿದಿದೆ. ಪಂಡಿತ ಹಗಲಿರುಳು ಹಳೆಯ ಗ್ರಂಥಗಳಲ್ಲಿ ಮುಳುಗಿ ರೋಗದ ಮೂಲವನ್ನು ಕಂಡುಹಿಡಿಯುತ್ತಾನೆ. ನಮ್ಮ ವೀರೆಯ ನೆರವಿನಿಂದ ಪಾಳು ಗೋರಿಯಲ್ಲಿ ಅದನ್ನು ಮತ್ತೆ ಬಂಧಿಸುತ್ತಾನೆ. ಊರು ಗುಣವಾಗುತ್ತದೆ. ಜಯದ ಹುಮ್ಮಸ್ಸಿನಲ್ಲಿ ಮನೆಗೆ ಬಂದರೆ ಹೆಂಡತಿ ತೀರಿಕೊಂಡಿದ್ದಾಳೆ. ಅವಳಿಗೂ ರೋಗ ತಗುಲಿತ್ತು; ಗಂಡನ ಕೆಲಸ ಕೆಡಬಾರದೆಂದು ಹೇಳಿರಲಿಲ್ಲ. ಅವನು ನೋಡಿಯೂ ಇರಲಿಲ್ಲ.

ಅಲ್ಲಿಗೆ ಹುಡುಗನ ನಗೆ ನಿಂತಿತು. ಪಂಡಿತ ಬಾಗಿಲು ಹಾಕಿಕೊಂಡು ಕೂರುತ್ತಾನೆ. ಸತ್ತವರನ್ನು ಕಾಣಬಲ್ಲ ನಮ್ಮ ವೀರೆಗೆ ಕಟಾರೀನಳ ಆತ್ಮ ಎದುರಾಗಿ, ಗುಣವಾದ ಜನರ ಮಾತನ್ನು ಅವನಿಗೆ ಕೇಳಿಸು ಎಂದು ಬೇಡುತ್ತದೆ. ಅವನು ಮನೆಮನೆಗೂ ಹೋಗಿ, ತಾನು ಯಾರನ್ನು ಉಳಿಸಿದೆನೆಂಬುದನ್ನು ಮೊದಲ ಸಲ ಕಣ್ಣಿಂದ ಕಾಣುತ್ತಾನೆ. ಗಟ್ಟಿಯಾಗಿ ಓದುವ ಸರದಿ ಹುಡುಗಿಯದಾಗಿತ್ತು. ನಡುವೆ ಅವಳ ದನಿ ನಿಂತುಹೋಯಿತು. ಉಳಿದುದನ್ನು ಅಣ್ಣ ಓದಿದ. ಅಡುಗೆಮನೆಯಿಂದ ಬಂದ ಅಕ್ಕ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತು ಕೇಳಿದಳು.

ಪಾದ್ರಿಯ ಮುಂದಿನ ತಪ್ಪೊಪ್ಪಿಗೆ

ಇಷ್ಟಕ್ಕೇ ಮುಗಿಸಿದರೆ ಈ ಲೇಖನ ಆಟದ ಜಾಹೀರಾತಾದೀತು. ಆದುದರಿಂದ ಮುಂದಿನದನ್ನೂ ಹೇಳಬೇಕು.

ಮೂರನೆಯ ವಾರದ ಒಂದು ಬೆಳಗ್ಗೆ ಹುಡುಗಿ ಅಳುತ್ತ ಬಂದಳು. ಅವಳ ಪೂಜಾರಿ ಸಂಗಾತಿಗೆ ಹೊಸ ನಿಲುವಂಗಿ ಕೊಳ್ಳಲೆಂದು ಹಲವು ದಿನ ಸೇರಿಸಿದ್ದ ಚಿನ್ನದಲ್ಲಿ ಅರ್ಧ ಇರಲಿಲ್ಲ! ಈ ಆಟದಲ್ಲಿ ತಂಡವೆಲ್ಲ ಸೋತು ಬಿದ್ದರೆ ಚರ್ಚಿನಲ್ಲಿ ಎಚ್ಚರವಾಗುತ್ತದೆ, ಕೈಯಲ್ಲಿದ್ದ ಹಣದಲ್ಲಿ ಅರ್ಧ ಹೋಗಿರುತ್ತದೆ. ಅಣ್ಣ ರಾತ್ರಿ ಹೊದಿಕೆಯೊಳಗೆ ಒಬ್ಬನೇ ಆಡಿ, ಒಂದು ಗೋಪುರವನ್ನೇರಿ, ಅಲ್ಲಿ ಸೋತಿದ್ದ. ಯಂತ್ರವನ್ನು ಆರಿಸಿಬಿಟ್ಟಿದ್ದರೆ ಹಿಂದಿನ ದಾಖಲೆ ಉಳಿಯುತ್ತಿತ್ತು. ಆದರೆ ಅಲ್ಲಿಯವರೆಗೆ ಗಳಿಸಿದ ಅನುಭವವನ್ನು ಬಿಡಲು ಮನಸ್ಸಾಗದೆ ಸೇವ್ ಮಾಡಿದ್ದ. ದಾಖಲೆ ಒಂದೇ ಆದುದರಿಂದ ನಿನ್ನೆಗೆ ಮರಳುವ ದಾರಿ ಇರಲಿಲ್ಲ.

ಈ ಆಟದಲ್ಲಿ ಸೇವ್ ಮಾಡುವುದು ಚರ್ಚಿನ ಪಾದ್ರಿಯ ಮುಂದೆ. ಇಂಗ್ಲಿಷ್ ಆವೃತ್ತಿಯಲ್ಲಿ ಅದಕ್ಕೆ 'ತಪ್ಪೊಪ್ಪಿಗೆ' ಎಂದೇ ಹೆಸರು. ರಾತ್ರಿ ಪಾದ್ರಿಯ ಮುಂದೆ ಸುಲಭವಾಗಿ ತಪ್ಪೊಪ್ಪಿಕೊಂಡಿದ್ದವನಿಗೆ ಬೆಳಗ್ಗೆ ತಂಗಿಯ ಮುಂದೆ ನಾಲಗೆ ಏಳಲಿಲ್ಲ. ಅಕ್ಕ ಯಂತ್ರವನ್ನು ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದಳು. "ನೋಡಿದೆಯಾ, ನಿನ್ನ ಆರು ಪೌಂಡಿನ ಫಲ!" ಎಂದು ನನ್ನನ್ನೂ ಗದರಿದಳು. ನಾನು ಸುಮ್ಮನಿದ್ದೆ. ಕೊಡಿಸಬಾರದಾಗಿತ್ತೇನೋ ಎಂಬ ಅಳುಕು ನನ್ನಲ್ಲಿಯೂ ಹುಟ್ಟಿತ್ತು.

ಎರಡು ದಿನ ಮಕ್ಕಳು ಮಾತಾಡಲಿಲ್ಲ. ಮೂರನೆಯ ದಿನ ನೋಟುಪುಸ್ತಕದಲ್ಲಿ ಹುಡುಗನ ಅಕ್ಷರದಲ್ಲಿ ಒಂದು ಸಾಲು ಕಂಡಿತು: ಕಳೆದ ಚಿನ್ನವೆಷ್ಟು, ಅದನ್ನು ತಾನು ಎಷ್ಟು ದಿನ ಬಯಲಿನಲ್ಲಿ ಕಾದಾಡಿ ತುಂಬಿಕೊಡುವೆನು, ಆ ಹೊತ್ತೆಲ್ಲ ಯಂತ್ರ ತಂಗಿಯ ಎದುರಿನಲ್ಲೇ ಇರತಕ್ಕದ್ದು. ಕೆಳಗೆ ರುಜು. ತಂಗಿ ಅದರ ಕೆಳಗೆ ತಾನೂ ರುಜು ಹಾಕಿದಳು. ಅಕ್ಕ ಬೀರು ತೆರೆದಳು. ನಾಲ್ಕು ದಿನ ಅವನು ಬೇಸರಪಡದೆ ಅದೇ ಬಯಲಿನಲ್ಲಿ ಅದೇ ಕಾಳಗಗಳನ್ನು ಮಾಡಿ ಚಿನ್ನ ತುಂಬಿಕೊಟ್ಟ. ಭಾವನವರು ದೋಷವೆಂದು ಹೇಳಿದ್ದ ಆ ಏಕತಾನದ ಕಾಳಗವೇ ಅವನ ಪ್ರಾಯಶ್ಚಿತ್ತಕ್ಕೆ ಒದಗಿತು.

ಕೊಳ್ಳುವವರಿಗೆ ಒಂದು ಮಾತು

ಹಾಗಾದರೆ ಈ ಆಟ ಕೊಳ್ಳಲು ಯೋಗ್ಯವೇ? ಒಬ್ಬನೇ ಆಡುವವನಾದರೆ, ಇಂಗ್ಲಿಷ್ ಓದುವ ತಾಳ್ಮೆಯಿದ್ದರೆ, ಧಾರಾಳವಾಗಿ ಕೊಳ್ಳಬಹುದು. ಡಿ.ಎಸ್. ಯಂತ್ರವಿಲ್ಲದವರು ೨೦೧೧ರಲ್ಲಿ ಬಂದ ೩ಡಿ.ಎಸ್. ಯಂತ್ರದಲ್ಲಿಯೂ ಇದೇ ಕಾರ್ಡನ್ನು ನಡೆಸಬಹುದು. ಆದರೆ ೩ಡಿ.ಎಸ್. ತಯಾರಿಕೆಯೂ ೨೦೨೦ರಲ್ಲಿ ನಿಂತುದರಿಂದ, ಯಂತ್ರವನ್ನೂ ಹಳೆಯದನ್ನೇ ಕೊಳ್ಳಬೇಕಾದೀತು. ಬರಿಯ ಒಂದು ಆಟಕ್ಕಾಗ�ಿ ಅಷ್ಟು ಖರ್ಚು ಸಲ್ಲದು. ಹಳೆಯ ಅಂಗಡಿಯಲ್ಲಿ ಕಾರ್ಡು ಕೊಳ್ಳುವವರು ಅಲ್ಲಿಯೇ ಯಂತ್ರಕ್ಕೆ ಹಾಕಿಸಿ, ಸೇವ್ ಮಾಡಿಸಿ, ಆರಿಸಿ ಮತ್ತೆ ತೆರೆದು, ದಾಖಲೆ ನಿಲ್ಲುವುದೋ ಎಂದು ಪರೀಕ್ಷಿಸಬೇಕು. ದಾರಿಯಲ್ಲಿ ನಕ್ಷೆ ಹಂಚುವ ಆಸೆಯಿಂದ ಕೊಳ್ಳುವವರಿಗೆ ನಿರಾಶೆಯೇ ಗತಿ.

ಇಬ್ಬರು ಮಕ್ಕಳಿರುವ ಮನೆಯಾದರೆ ಬೆಲೆಗಿಂತ ಮೊದಲು ದಾಖಲೆ ಎಷ್ಟೆಂದು ಕೇಳಬೇಕು. ಒಂದೇ ಆದಲ್ಲಿ, ಯಾರದೆಂಬುದನ್ನು ಹಣ ಕೊಡುವ ಮೊದಲೇ ಇತ್ಯರ್ಥ ಮಾಡಬೇಕು. ಇದನ್ನು ಮಾಡದೆ ಕೊಂಡ ಆಟ ಎಷ್ಟೇ ಉತ್ತಮವಾಗಿದ್ದರೂ ಮನೆಗೆ ಜಗಳವನ್ನು ಕೊಂಡು ತಂದಂತೆ. ಮಾಡಿ ಕೊಂಡರೂ ಜಗಳ ತಪ್ಪದು. ಆದರೆ ಆಗ ತೀರ್ಮಾನಕ್ಕೆ ಒಂದು ಆಧಾರವಿರುತ್ತದೆ.

ನಾನು ಊರಿಗೆ ಹೊರಟ ದಿನ ಆಟ ಇನ್ನೂ ಮುಗಿದಿರಲಿಲ್ಲ. ಮೂರು ಫಲಗಳು ಸಿಕ್ಕಿದ್ದುವು. ವಿಮಾನನಿಲ್ದಾಣದ ದಾರಿಯಲ್ಲಿ ಕಾರಿನ ಹಿಂದಿನ ಆಸನದಲ್ಲಿ ಒಬ್ಬ ಗುಂಡಿ ಒತ್ತುತ್ತಿದ್ದ, ಒಬ್ಬಳು ಗಟ್ಟಿಯಾಗಿ ಓದುತ್ತಿದ್ದಳು. ಮೊನ್ನೆ ಅಕ್ಕ ಫೋನು ಮಾಡಿದ್ದಳು. ಕಥೆ ಮುಗಿಯಿತಂತೆ. "ಈಗ ಆ ಕಾರ್ಡನ್ನು ಮಾರೋಣವೆಂದರೆ ಇಬ್ಬರೂ ಒಪ್ಪುತ್ತಿಲ್ಲ," ಎಂದಳು. "ಬೇರೆಯವರು ಅಳಿಸಿಬಿಡುತ್ತಾರಂತೆ."